ಒಂಟಿ ಚಪ್ಪಲಿ

ಕಳೆದ ಮಳೆಗಾಲದಲ್ಲಿ ಮಗಳಿಗೆ ಹೊಟ್ಟೆನೋವು ಶುರುವಾಯಿತು. ಬೆಳಿಗ್ಗೆ ಎಂಟೂಕಾಲಿಗೆ ಸರಿಯಾಗಿ ಬರುತ್ತಿತ್ತು, ಹತ್ತು ಗಂಟೆ ಹೊತ್ತಿಗೆ ತಾನಾಗಿ ಹೋಗುತ್ತಿತ್ತು. ಶಾಲೆಯ ವ್ಯಾನು ನಮ್ಮ ಬೀದಿ ತುದಿಗೆ ಬರುವುದು ಎಂಟೂವರೆಗೆ. ಭಾನುವಾರ ನೋವಿಲ್ಲ. ಮಳೆ ಅಂತ ರಜೆ ಕೊಟ್ಟ ಎರಡು ದಿನವೂ ನೋವಿಲ್ಲ. ಇಷ್ಟಾದ ಮೇಲೆ ಯಾವ ತಾಯಿಗಾದರೂ ಗೊತ್ತಾಗುತ್ತದೆ, ಇದು ಹೊಟ್ಟೆಯದ್ದಲ್ಲ ಅಂತ. ನನಗೂ ಗೊತ್ತಾಯಿತು. ಆದರೆ ನಾನು ಹುಡುಕಿದ್ದು ತಪ್ಪು ಜಾಗದಲ್ಲಿ.

ನನ್ನ ಅನುಮಾನ ಹೋಗಿದ್ದು ವ್ಯಾನಿನ ಮೇಲೆ. ಪೇಪರಿನಲ್ಲಿ, ಟಿವಿಯಲ್ಲಿ ನೋಡಿದ್ದೆಲ್ಲ ಒಟ್ಟಿಗೇ ತಲೆಗೆ ಬಂತು. ನಾಲ್ಕನೇ ದಿನ ಕೊಡೆ ಹಿಡಿದು ಬೀದಿ ತುದಿಯಲ್ಲಿ ನಿಂತೆ. ವ್ಯಾನು ಬಂತು. ಡ್ರೈವರ್ ಆರು ವರ್ಷದಿಂದ ಅದೇ ಗಾಡಿ ಓಡಿಸುವವರು. ಮುಂದಿನ ಸೀಟಿನಲ್ಲಿ ಯಾರು ಕೂರ್ತಾರೆ, ದೊಡ್ಡ ಹುಡುಗರು ಯಾರಾದ್ರೂ ಕೀಟಲೆ ಮಾಡ್ತಾರಾ, ಕೊನೆಗೆ ಇಳಿಯುವ ಮಗು ಯಾವುದು ಅಂತ ಒಂದರ ಹಿಂದೆ ಒಂದು ಕೇಳಿದೆ. ನಾನು ಏನು ಕೇಳುತ್ತಿದ್ದೇನೆ ಅಂತ ಮೂರನೇ ಪ್ರಶ್ನೆಗೇ ಅವರಿಗೆ ಅರ್ಥವಾಯಿತು. ಮುಖ ಸಣ್ಣದಾಯಿತು. ವೈಪರ್ ನಿಲ್ಲಿಸಿದರು. ಆಮೇಲೆ ಹೇಳಿದರು, "ಅಕ್ಕಾ, ನಾನೇ ನಿಮಗೆ ಹೇಳ್ಬೇಕು ಅಂತಿದ್ದೆ. ಪಾಪು ಒಂದು ವಾರದಿಂದ ಕಿಟಕಿ ಹತ್ರ ಕೂರ್ತಿಲ್ಲ. ಮೊದಲೆಲ್ಲ ಕಿಟಕಿಗೆ ಜಗಳ ಆಡ್ತಿದ್ಳು. ಈಗ ನಡುವಿನ ಸೀಟು, ಬ್ಯಾಗು ಮುಖದ ತನಕ. ಸಂಜೆ ಸ್ಟಾಪಲ್ಲಿ ಇಳಿಯೋದೇ ಇಲ್ಲ, ಗೇಟಿಗೇ ಬಿಡಿ ಅಂಕಲ್ ಅಂತಾಳೆ."

ಮನೆಯಲ್ಲಿ ದಿನವಿಡೀ ಅವಳ ಜೊತೆ ಇರುವ ನನಗೆ ಕಾಣದ್ದು ಕನ್ನಡಿಯಲ್ಲಿ ಹಿಂದೆ ನೋಡುವ ಆ ಮನುಷ್ಯನಿಗೆ ಕಂಡಿತ್ತು. ಅವರ ಹತ್ತಿರ ಆ ಮಾತಿಗೆ ಕ್ಷಮೆ ಕೇಳೋಕೆ ನನಗೆ ಆಮೇಲೆ ಎರಡು ವಾರ ಬೇಕಾಯಿತು.

ಅವತ್ತು ರಾತ್ರಿ ಕರೆಂಟ್ ಹೋಗಿತ್ತು. ಮಗಳ ಪಕ್ಕ ಮಲಗಿ ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದಳು. ಆಮೇಲೆ ಕತ್ತಲಲ್ಲೇ ಒಂದು ಪ್ರಶ್ನೆ ಬಂತು. "ಹೇಳಿದ್ರೆ ಫೋನ್ ಕಿತ್ಕೊಳ್ತೀಯಾ?"

ನಿಜ ಹೇಳಬೇಕು. ಅವಳು ಅದನ್ನು ಕೇಳುವ ಹೊತ್ತಿಗಾಗಲೇ ನನ್ನ ಕೈ ಅವಳ ದಿಂಬಿನ ಕೆಳಗೆ ಹೋಗಿತ್ತು.

ಹಳ್ಳದ ಈಚೆ

1994ರ ಮಳೆಗಾಲ. ನಾನು ಆರನೇ ಕ್ಲಾಸು. ನಮ್ಮೂರು ತೀರ್ಥಹಳ್ಳಿ ತಾಲ್ಲೂಕಿನ ಒಂದು ಮೂಲೆ, ಕೊಪ್ಪದ ಕಡೆಗೆ. ಊರು ಅಂದರೆ ನಾಲ್ಕು ಮನೆ. ಬಸ್ಸಿನ ರಸ್ತೆ ಸಿಗಬೇಕಾದರೆ ತೋಟ ಇಳಿದು, ಹಳ್ಳ ದಾಟಿ, ಆಚೆ ಗುಡ್ಡ ಹತ್ತಬೇಕು. ಹಳ್ಳಕ್ಕೆ ಕಾಲುಸಂಕ. ಎರಡು ಅಡಿಕೆ ಮರ ಅಡ್ಡ ಹಾಕಿ ತಂತಿ ಸುತ್ತಿದ್ದು, ಹಿಡ್ಕೊಳ್ಳೋಕೆ ಒಂದು ಬದಿಗೆ ಬಿದಿರಿನ ಗಳ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆ ಹಿಡಿಯುವ ಮುಂಚೆ ಅಪ್ಪಯ್ಯ ಕತ್ತಿ ತಗೊಂಡು ಹೋಗಿ ಹಾವಸೆ ಹೆರೆದು ಬರುತ್ತಿದ್ದರು. ದಾಟುವ ಕ್ರಮ ಕಲಿಸಿದ್ದೂ ಅವರೇ. ಚಪ್ಪಲಿ ಕೈಗೆ ತಗೋ. ಪಾದ ಅಡ್ಡ ಇಡು. ನೀರು ನೋಡ್ಬೇಡ, ಆಚೆ ದಡದ ಹಲಸಿನ ಮರ ನೋಡು. ಕೊಡೆ ಮಡಚು. ಕೊಡೆ ಮಡಚೋದು ಎಲ್ಲಕ್ಕಿಂತ ಮುಖ್ಯ, ಯಾಕೆಂದರೆ ಹಳ್ಳದ ಮೇಲೆ ಗಾಳಿ ಎಲ್ಲಿಂದ ಬರುತ್ತದೆ ಅಂತ ಹೇಳೋಕಾಗಲ್ಲ. ಮೊದಲ ಎರಡು ಮಳೆಗಾಲ ಅಪ್ಪಯ್ಯ ಹಿಂದಿನಿಂದ ನನ್ನ ಜಡೆ ಹಿಡಿದುಕೊಂಡೇ ದಾಟಿಸಿದ್ದರು. ಮೂರನೇ ವರ್ಷ ದಡದಲ್ಲಿ ನಿಂತು ನೋಡುತ್ತಿದ್ದರು. ನಾಲ್ಕನೇ ವರ್ಷ ನಾವೇ ನಾಲ್ಕು ಮಕ್ಕಳು ಸಾಲಾಗಿ.

ರಸ್ತೆ ಮುಟ್ಟಿದರೆ ಆಮೇಲೆ ಭಯ ಇರಲಿಲ್ಲ. ಬಸ್ಸು ಸಹಕಾರ ಸಾರಿಗೆಯದ್ದು. 1991ರಲ್ಲಿ ಕಾರ್ಮಿಕರೇ ಸೇರಿ ಕೊಪ್ಪದಲ್ಲಿ ಕಟ್ಟಿಕೊಂಡ ಸಂಸ್ಥೆ. ಕಂಡಕ್ಟರಿಗೆ ನಮ್ಮ ಹೆಸರು, ಅಪ್ಪನ ಹೆಸರು, ಯಾವ ಮನೆ, ಎಲ್ಲ ಬಾಯಿಪಾಠ. ಒಂದು ದಿನ ತಪ್ಪಿಸಿದರೆ ಮಾರನೇ ದಿನ ಫುಟ್‌ಬೋರ್ಡಿನ ಮೇಲೆ ನಿಲ್ಲಿಸಿ ಕೇಳೋರು, "ನಿನ್ನೆ ಎಂತಕ್ಕೆ ಬರ್ಲಿಲ್ಲ?" ನಮಗೆ ಅದು ಕಿರಿಕಿರಿ. ಅಂಥ ಕಿರಿಕಿರಿ ದಾರಿಯುದ್ದಕ್ಕೂ ಇತ್ತು. ಅಂಗಡಿಯವರು ಕೇಳೋರು, ಪೋಸ್ಟಿನವರು ಕೇಳೋರು.

ಬಿದ್ದದ್ದು ಸಂಜೆ. ಬಸ್ಸಿಳಿದು ನಾಲ್ವರೂ ಬಂದೆವು. ಹಳ್ಳ ಕೆಂಪಾಗಿ ಬಂದಿತ್ತು. ನಾನು ಮೂರನೆಯವಳು. ಕೊನೆಯ ಹೆಜ್ಜೆ, ಇನ್ನೇನು ದಡ. ಒಂದು ಮರದ ತುದಿ ಕೊಳೆತು ಲಡ್ಡಾಗಿತ್ತು. ಅದು ಮೆತ್ತಗೆ ಕೂತುಕೊಂಡಿತು, ಮುರಿದ ಸದ್ದೂ ಬರಲಿಲ್ಲ. ಸೊಂಟದ ತನಕ ನೀರು, ಕಾಲ ಕೆಳಗೆ ಕಲ್ಲು ಉರುಳುತ್ತಿದೆ. ಹಿಂದಿದ್ದ ಕೆಳಗಿನಮನೆ ಅಣ್ಣ, ಅವನು ಒಂಬತ್ತನೇ ಕ್ಲಾಸು, ಬ್ಯಾಗಿನ ಪಟ್ಟಿ ಹಿಡಿದು ಎಳೆದ. ಪಟ್ಟಿ ಹರಿಯಲಿಲ್ಲ. ಅಮ್ಮ ಗೋಣಿ ದಾರದಲ್ಲಿ ಹೊಲಿದ ಚೀಲ ಅದು. ದಡಕ್ಕೆ ಬಂದು ಕೂತಾಗ ಕೈಯಲ್ಲಿ ಒಂದೇ ಚಪ್ಪಲಿ ಇತ್ತು.

ಅಲ್ಲೇ ಕೂತು ನಾಲ್ವರೂ ಮಾತಾಡಿಕೊಂಡೆವು. ಮನೇಲಿ ಹೇಳೋದು ಬೇಡ. ಬೈಗುಳಕ್ಕೆ ಹೆದರಿ ಅಲ್ಲ. ಮೇಲಿನಮನೆ ಅಕ್ಕನ ಕಥೆ ನಮಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ ಅವಳೂ ಇದೇ ಸಂಕದಲ್ಲಿ ಜಾರಿದ್ದಳು. ಏನೂ ಆಗಿರಲಿಲ್ಲ, ಮಂಡಿ ತರಚಿತ್ತು. ಮನೆಯಲ್ಲಿ ಹೇಳಿದಳು. "ಮಳೆಗಾಲ ಮುಗೀಲಿ, ನೋಡುವ" ಅಂದರು. ಮಳೆಗಾಲ ಮುಗಿಯಿತು. ಅಡಿಕೆ ಕೊಯ್ಲು ಬಂತು. ಅವಳು ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತಳು. ಮತ್ತೆ ಶಾಲೆಗೆ ಬರಲೇ ಇಲ್ಲ. ಯಾರೂ ಕೆಟ್ಟವರಲ್ಲ ಆ ಮನೆಯಲ್ಲಿ. ಮಗಳ ಮೇಲೆ ಪ್ರಾಣ ಇಟ್ಟವರೇ.

ಮಲೆನಾಡಿನ ಮಳೆಯಲ್ಲಿ ಒಂದು ಅನುಕೂಲ ಇದೆ, ಒದ್ದೆಯಾಗಿ ಬಂದವರನ್ನು ಯಾರೂ ಯಾಕೆ ಅಂತ ಕೇಳಲ್ಲ. ಬಚ್ಚಲ ಒಲೆ ಮುಂದೆ ಲಂಗ ಒಣಗಿಸಿದೆ. ಚಪ್ಪಲಿ ಮಾತ್ರ ಅಮ್ಮನ ಕಣ್ಣಿಗೆ ಬಿತ್ತು. "ಗದ್ದೆ ಕೆಸರಲ್ಲಿ ಹೂತು ಹೋಯ್ತು" ಅಂದೆ. ಅಮ್ಮ "ಹೌದಾ" ಅಂದು ಒಳಗೆ ಹೋದರು.

ಆಮೇಲೆ ಎಂಟೊಂಬತ್ತು ದಿನ ನಾವು ನಾಲ್ವರೂ ಆ ಕೊನೆಯ ಒಂದು ಮೊಳವನ್ನು ಹಾರಿ ದಾಟಿದೆವು. ನಮಗೆ ಗೊತ್ತಿತ್ತಲ್ಲ. ತೋಟದ ಕೆಲಸಕ್ಕೆ ಬರುತ್ತಿದ್ದ ಹೆಂಗಸೊಬ್ಬರಿಗೆ ಗೊತ್ತಿರಲಿಲ್ಲ. ತಲೆ ಮೇಲೆ ಸೊಪ್ಪಿನ ಹೊರೆ ಇಟ್ಟುಕೊಂಡು ಬಂದವರು ಅಲ್ಲೇ ಕಾಲಿಟ್ಟರು. ಕಲ್ಲಿನ ಮೇಲೆ ಬಿದ್ದು ಕೈ ಮುರಿಯಿತು. ತೀರ್ಥಹಳ್ಳಿಗೆ ಕರ್ಕೊಂಡು ಹೋಗಿ ಕಟ್ಟು ಹಾಕಿಸಿ ಬಂದ ಅಪ್ಪಯ್ಯ ರಾತ್ರಿ ಊಟಕ್ಕೆ ಕೂತಾಗ ಹೇಳಿದರು, "ತುದಿ ಅಷ್ಟು ಲಡ್ಡಾಗಿದೆ. ದಿನಾ ಇಷ್ಟು ಜನ ಓಡಾಡ್ತಾರೆ. ಒಬ್ಬರೂ ನೋಡ್ಲಿಲ್ಲ ಅಂದ್ರೆ ಎಂತ ಹೇಳೋದು?" ನಾನು ಅನ್ನ ಕಲಸುತ್ತಲೇ ಇದ್ದೆ. ಮರುದಿನ ಮರ ಬದಲಾಯಿತು. ಹೇಳಿದ್ದರೆ ಅದು ಒಂಬತ್ತು ದಿನ ಮೊದಲೇ ಬದಲಾಗುತ್ತಿತ್ತು. ನನ್ನ ಶಾಲೆಯೂ ನಿಂತಿರುತ್ತಿತ್ತೋ ಏನೋ. ಈಗಲೂ ಈ ಲೆಕ್ಕ ನನಗೆ ಬಗೆಹರಿದಿಲ್ಲ.

ದಿಂಬಿನ ಕೆಳಗೆ

ಮಗಳ ದಿಂಬಿನ ಕೆಳಗಿನಿಂದ ಕೈ ವಾಪಸ್ ತಗೊಂಡೆ. "ಕಿತ್ಕೊಳ್ಳಲ್ಲ" ಅಂದೆ. ಆ ಕ್ಷಣಕ್ಕೆ ಅದು ಸುಳ್ಳೇ. ಆದರೂ ಅಂದೆ.

ಗನ್ನು ಹಿಡಿದು ಓಡಾಡುವ ಒಂದು ಆಟ ಇದೆ, ನಾಲ್ಕು ಜನ ಒಂದು ಗುಂಪಾಗಿ ಆಡುವುದು. ಆಡುತ್ತಾ ಮಾತೂ ಆಡಬಹುದು. ಅಲ್ಲಿ ಒಬ್ಬ ಪರಿಚಯವಾದ. ಚೆನ್ನಾಗಿ ಆಡುತ್ತಿದ್ದ, ಇವಳನ್ನು ಎರಡು ಸಲ ಸಾಯದಂತೆ ಉಳಿಸಿದ. ಆಟದೊಳಗೆ ಬಟ್ಟೆಯನ್ನೋ ಏನನ್ನೋ ಉಡುಗೊರೆ ಕೊಟ್ಟ. ತಾನೂ ಒಂಬತ್ತನೇ ಕ್ಲಾಸು ಅಂದ. ಆಮೇಲೆ ಇಲ್ಲಿ ಬೇಡ, ಫೋಟೋ ಹಾಕುವ ಆ ಆ್ಯಪಿಗೆ ಬಾ ಅಂದ. ಅಲ್ಲಿ ಒಂದು ವಾರ ಮೀಮು, ಜೋಕು. ಆಮೇಲೆ "ಸುಮ್ನೆ ಒಂದು ಫೋಟೋ". ಇವಳು ಕಳಿಸಿದ್ದು ಯೂನಿಫಾರ್ಮಿನಲ್ಲಿ ಬೀದಿ ತುದಿಯಲ್ಲಿ ನಿಂತಿದ್ದು. ಹಿಂದೆ ಹಳದಿ ವ್ಯಾನು. ವ್ಯಾನಿನ ಮೇಲೆ ಶಾಲೆಯ ಹೆಸರು, ಫೋನ್ ನಂಬರು, ಊರು. ಶಾಲಾ ವಾಹನ ಅಂತ ದೂರದಿಂದ ಗೊತ್ತಾಗಲಿ, ಏನಾದರೂ ಆದರೆ ಜನ ಫೋನ್ ಮಾಡಲಿ ಅಂತಲೇ ಬರೆಸುವುದು ಅದನ್ನು. ಮಗುವನ್ನು ಕಾಯೋಕೆ ಬರೆದ ಬರಹ.

ಅವನು ಬೇರೆ ಥರದ ಫೋಟೋ ಕೇಳಿದ. ಇವಳು ಇಲ್ಲ ಅಂದಳು. ಆಗ ಬಂತು: ನಿನ್ನ ಶಾಲೆ ಗೊತ್ತು, ಸ್ಟಾಪು ಗೊತ್ತು, ನಾಳೆ ಬೆಳಿಗ್ಗೆ ಅಲ್ಲೇ ನಿಂತಿರ್ತೀನಿ, ಮಾತಾಡಿದ್ದೆಲ್ಲ ನಿಮ್ಮಪ್ಪನಿಗೆ ತೋರಿಸ್ತೀನಿ. ಅವಳು ಕಿಟಕಿ ಬಿಟ್ಟು ನಡುವಿನ ಸೀಟಿಗೆ ಬಂದದ್ದು ಮಾರನೇ ದಿನ.

ಕತ್ತಲಲ್ಲಿ ಅವಳ ಫೋನಿನ ಬೆಳಕಿನಲ್ಲಿ ಅದನ್ನೆಲ್ಲ ಓದಿದೆ. ಓದುತ್ತಾ ಒಂದು ಕಡೆ ನಿಂತೆ. ಅವನು ಬರೆದಿದ್ದ ಸ್ಟಾಪಿನ ಹೆಸರು ಮ್ಯಾಪಿನಲ್ಲಿ ಇರುವ ಹೆಸರು. ನಮ್ಮ ಬೀದಿಯಲ್ಲಿ ಯಾರೂ ಹಾಗೆ ಕರೆಯಲ್ಲ. ನಾವೆಲ್ಲ "ಹಿಟ್ಟಿನ ಗಿರಣಿ ಹತ್ರ" ಅಂತೀವಿ. ಆಟೋದವರೂ ಹಾಗೇ ಅಂತಾರೆ. ಈ ಮನುಷ್ಯ ಶಿವಮೊಗ್ಗಕ್ಕೆ ಕಾಲಿಟ್ಟವನೇ ಅಲ್ಲ ಅನಿಸಿತು. ಮಗಳಿಗೆ ಅದನ್ನು ತೋರಿಸಿದೆ. "ನೋಡು, ಗಿರಣಿ ಅಂತ ಇವನಿಗೆ ಗೊತ್ತೇ ಇಲ್ಲ." ಅವಳು ಎರಡು ಸಲ ಓದಿದಳು. ಮೂಗು ಒರೆಸಿಕೊಂಡು "ಹೌದಲ್ವಾ" ಅಂದಳು. ಅವತ್ತು ರಾತ್ರಿ ಅವಳಿಗೆ ನಿದ್ದೆ ಬಂದಿದ್ದು ನನ್ನ ಸಮಾಧಾನದ ಮಾತಿಗಲ್ಲ, ಆ ಗಿರಣಿಗೆ.

ಬೆಳಿಗ್ಗೆ ಅವಳಪ್ಪನಿಗೆ ಹೇಳಿದೆ. ಗಂಡಸರ ಮೊದಲ ಯೋಚನೆ ಎರಡೇ: ಅವನಿಗೆ ಫೋನ್ ಮಾಡಿ ಬೈಯೋದು, ಇಲ್ಲ ಎಲ್ಲ ಡಿಲೀಟ್ ಮಾಡೋದು. ಎರಡೂ ಬೇಡ ಅಂತ ತಡೆಯೋಕೆ ಸಾಕಾಯಿತು. ಡಿಲೀಟ್ ಮಾಡಿದರೆ ದೂರಿಗೆ ಆಧಾರವೇ ಇರಲ್ಲ. ಮೊದಲು ಎಲ್ಲದರ ಸ್ಕ್ರೀನ್‌ಶಾಟ್, ಅವನ ಖಾತೆಯ ಹೆಸರು, ಲಿಂಕು, ದಿನ, ಹೊತ್ತು. ಆಮೇಲೆ ಆ್ಯಪಿನಲ್ಲಿ ರಿಪೋರ್ಟು, ಬ್ಲಾಕು. ಆಮೇಲೆ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್. ಅಲ್ಲಿ ಮಹಿಳೆಯರು, ಮಕ್ಕಳ ದೂರಿಗೆ ಬೇರೆಯೇ ವಿಭಾಗ ಇದೆ. 1930 ಅಂತ ನಮಗೆಲ್ಲ ಗೊತ್ತಿರುವ ನಂಬರು ಮುಖ್ಯವಾಗಿ ದುಡ್ಡು ಹೋದಾಗ ಓಡಿ ಹಿಡಿಯೋಕೆ. ಮಕ್ಕಳ ವಿಷಯಕ್ಕೆ 1098 ಇದೆ, ಮಗುವೇ ಫೋನ್ ಮಾಡಬಹುದು. ಶಿವಮೊಗ್ಗದಲ್ಲಿ ಇಂಥದ್ದಕ್ಕೆ ಸಿಇಎನ್ ಠಾಣೆ ಅಂತಲೇ ಇದೆ, ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧ ನೋಡುವ ಪೊಲೀಸ್ ಠಾಣೆ. ಇದನ್ನೆಲ್ಲ ಇಲ್ಲಿ ಬರೆಯುತ್ತಿರುವುದಕ್ಕೆ ಕಾರಣ, ಆ ಬೆಳಿಗ್ಗೆ ಓದು ಬರಹ ಬರುವ ನಾವಿಬ್ಬರು ಇಷ್ಟು ತಿಳ್ಕೊಳ್ಳೋಕೆ ಮಧ್ಯಾಹ್ನ ಮಾಡಿದೆವು.

ಅವಳಪ್ಪನಿಗೆ ಇನ್ನೊಂದು ಭಯ. ಊರಿಗೆಲ್ಲ ಗೊತ್ತಾದರೆ? ನಮ್ಮಂಥ ಊರುಗಳಲ್ಲಿ ಇದು ಸಣ್ಣ ಭಯ ಅಲ್ಲ. ಮದುವೆ ಮನೆಯಲ್ಲಿ ಬಡಿಸುವಾಗ ಕೇಳಿಬಿಡುತ್ತಾರೆ. ಆದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಯುವ 2012ರ ಪೋಕ್ಸೋ ಕಾಯ್ದೆ ಕೆಟ್ಟ ಉದ್ದೇಶದಿಂದ ಮಗುವಿನ ಬೆನ್ನು ಬೀಳುವುದನ್ನು, ಅದು ಫೋನಿನಲ್ಲಾದರೂ, ಅಪರಾಧ ಅನ್ನುತ್ತದೆ. ಮಗುವಿನ ಗುರುತು ಹೊರಗೆ ಬರಬಾರದು ಅಂತಲೂ ಹೇಳುತ್ತದೆ. ಅದನ್ನು ಓದಿ ಹೇಳಿದ ಮೇಲೆ ಅವರು ಚಪ್ಪಲಿ ಮೆಟ್ಟಿದರು.

ನೆಟ್‌ವರ್ಕ್ ಹುಡುಕಿಕೊಂಡು

ಈ ಫೋನು ಮನೆಗೆ ಬಂದದ್ದಾದರೂ ಹೇಗೆ ಅಂತ ಆಮೇಲೆ ಯೋಚಿಸಿದೆ. ನಾವು ತಂದಿದ್ದಲ್ಲ, ಶಾಲೆಯೇ ತರಿಸಿದ್ದು. 2020ರಲ್ಲಿ ಕ್ಲಾಸೆಲ್ಲ ಫೋನಿಗೆ ಬಂದಾಗ ನಾವು ಊರಲ್ಲಿದ್ದೆವು. ಮನೆಯಲ್ಲಿ ಸಿಗ್ನಲ್ ಇಲ್ಲ. ಆಗ ಮಲೆನಾಡಿನ ಎಷ್ಟೋ ಮಕ್ಕಳ ಶಾಲೆ ಅಂದರೆ ಗುಡ್ಡದ ಮೇಲಿನ ಒಂದು ಬಂಡೆ. ನಮ್ಮದೂ ಹಾಗೇ. ಅಣ್ಣ ಗೇರು ಮರದ ಕೆಳಗೆ ಟಾರ್ಪಾಲು ಕಟ್ಟಿದ. ಕಾಲಿಗೆ ಇಂಬಳ, ಅಂದರೆ ಜಿಗಣೆ, ಹತ್ತದ ಹಾಗೆ ಸುಣ್ಣ ಸವರಿಕೊಂಡು ಮಕ್ಕಳು ಕೂರುತ್ತಿದ್ದರು. ಎರಡು ಕಡ್ಡಿ ಸಿಗ್ನಲ್ ಬಂದರೆ ಹಬ್ಬ. ನೆಟ್‌ವರ್ಕ್ ಕೊಡದಿದ್ದರೆ ವೋಟು ಹಾಕಲ್ಲ ಅಂತ ಬೋರ್ಡು ಹಾಕಿದ ಹಳ್ಳಿಗಳೂ ಇದ್ದವು. ನೆಟ್‌ವರ್ಕ್ ಬರೋಕೆ ಅಷ್ಟು ಒದ್ದಾಡಿದ ನಾವು, ಅದು ಬಂದರೆ ಅದರ ಜೊತೆ ಯಾರ್‍ಯಾರು ಬರುತ್ತಾರೆ ಅಂತ ಒಂದು ದಿನವೂ ಕೇಳಿಕೊಳ್ಳಲಿಲ್ಲ. ಕ್ಲಾಸು ಮುಗಿಯಿತು. ಫೋನು ಉಳಿಯಿತು.

ಮಗಳಿಗೆ ಆ ಆ್ಯಪಿನಲ್ಲಿ ಇಪ್ಪತ್ತನಾಲ್ಕು ವರ್ಷ. ಹುಟ್ಟಿದ ಇಸವಿ ಕೇಳಿದಾಗ ಬೆರಳು ಎಲ್ಲಿ ನಿಂತಿತೋ ಅದು. ಇಂಥ ಆ್ಯಪುಗಳು ಸಾಮಾನ್ಯವಾಗಿ 13 ವರ್ಷ ಆಗಿರಬೇಕು ಅನ್ನುತ್ತವೆ. ವೈಯಕ್ತಿಕ ಮಾಹಿತಿ ರಕ್ಷಣೆಗೆ 2023ರಲ್ಲಿ ಬಂದ ಕಾಯ್ದೆಯಂತೂ 18ರೊಳಗಿನವರೆಲ್ಲ ಮಕ್ಕಳೇ, ಅವರ ಮಾಹಿತಿಗೆ ಅಪ್ಪ ಅಮ್ಮನ ಒಪ್ಪಿಗೆ ಬೇಕು ಅನ್ನುತ್ತದೆ. ಸರಿಯಾದ ಮಾತು. ಆದರೆ ನನ್ನನ್ನೇ ನೋಡಿ. ಜೂನ್ ತಿಂಗಳಲ್ಲಿ ಶಾಲೆ ಶುರುವಾದ ದಿನ ಅವಳ ಫೋಟೋ ತೆಗೆದು, ಬ್ಯಾಡ್ಜು ಕಾಣುವ ಹಾಗೆ, ಎಲ್ಲರಿಗೂ ಕಾಣುವ ಹಾಗೆ ಹಾಕಿದವಳು ನಾನೇ. ಅದೇ ಜಾಗ, ಅದೇ ವ್ಯಾನು. ಅವಳು ಅವನಿಗೆ ಕಳಿಸಿದ ಫೋಟೋ ನೋಡಿ ನಾನು ಯಾವ ಬಾಯಲ್ಲಿ ಬೈಯಲಿ? ಕ್ಲಾಸ್ ಗ್ರೂಪಿನಲ್ಲೂ ಇದೇ ಕಥೆ. ಮೊನ್ನೆ ಮಳೆಗೆ ಜಿಲ್ಲಾಧಿಕಾರಿ ಸಹಿ ಇರುವ ರಜೆ ಆದೇಶ ಬಂತು. ಅರ್ಧ ಜನ ಮಕ್ಕಳನ್ನು ಕಳಿಸಲಿಲ್ಲ. ಆಮೇಲೆ ನೋಡಿದರೆ ಹಳೇ ಆದೇಶಕ್ಕೆ ತಾರೀಖು ತಿದ್ದಿದ್ದು. ತಿದ್ದಿದವನು ಅದೇ ಕ್ಲಾಸಿನ ಹುಡುಗ ಅಂತ ಮಕ್ಕಳಿಗೆಲ್ಲ ಗೊತ್ತು, ದೊಡ್ಡವರಿಗೆ ಮಾತ್ರ ಗೊತ್ತಿಲ್ಲ. ಮಗಳು ನನಗೆ ಹೇಳಿದಳು. ನಾನು ಯಾರಿಗೂ ಹೇಳಿಲ್ಲ. (ತಿದ್ದಿದ್ದು ಚೆನ್ನಾಗಿತ್ತು, ಅಕ್ಷರದ ಅಳತೆ ಕೂಡ ಸರಿಯಾಗಿತ್ತು.)

ರಸ್ತೆಯ ವಿಷಯವೂ ಊರಲ್ಲಿ ಮೊದಲಿನಂತಿಲ್ಲ. ನಮ್ಮ ಹಳ್ಳಕ್ಕೆ ಈಗ ಸಿಮೆಂಟಿನ ಕಾಲುಸೇತುವೆ ಬಂದಿದೆ. ಶಾಲಾ ಸಂಪರ್ಕ ಸೇತು ಅಂತ ಸರ್ಕಾರ ಯೋಜನೆಯನ್ನೇ ಮಾಡಿತು. ಅಷ್ಟರಲ್ಲಿ ಆಚೆ ದಡದ ಬಸ್ಸು ಹೋಯಿತು. ಸಹಕಾರ ಸಾರಿಗೆ 2020ರಲ್ಲಿ ನಿಂತೇ ಹೋಯಿತು. ಅಣ್ಣನ ಮಗನಿಗೆ ಹದಿನೈದು, ಸ್ಕೂಟರಿನಲ್ಲಿ ಹೈಸ್ಕೂಲಿಗೆ ಹೋಗುತ್ತಾನೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ ಮಗ ಸಿಕ್ಕಿಬಿದ್ದರೆ ನಿನಗೆ 25,000 ದಂಡ, ಮೂರು ವರ್ಷದ ತನಕ ಜೈಲು, ಗಾಡಿಯ ನೋಂದಣಿ ಒಂದು ವರ್ಷ ರದ್ದು ಅಂತ ಅಣ್ಣನಿಗೆ ಹೇಳಿದೆ. "ಹಾಗಾದ್ರೆ ನೀನೇ ಬಂದು ಬಿಟ್ಟು ಹೋಗು ಮಾರಾಯ್ತಿ" ಅಂದ. ಆ ಹುಡುಗ ಒಂದು ತಿರುವಿನಲ್ಲಿ ಬಿದ್ದು ಮೊಣಕೈ ಕೆತ್ತಿಸಿಕೊಂಡಿದ್ದು ನನಗೆ ಗೊತ್ತು. ಅಣ್ಣನಿಗೆ ಗೊತ್ತಿಲ್ಲ. ತುಂಬು ತೋಳಿನ ಅಂಗಿ ಹಾಕಿಕೊಂಡು ಓಡಾಡುತ್ತಿದ್ದ, ಮೇ ತಿಂಗಳ ಸೆಕೆಯಲ್ಲಿ. ನಾನು ತೋಳು ಎತ್ತಿ ನೋಡಿದೆ. "ಅತ್ತೆ, ಹೇಳ್ಬೇಡಿ, ಗಾಡಿ ಕಿತ್ಕೊಳ್ತಾರೆ" ಅಂದ.

ಇಲ್ಲಿ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ನಾನು ಮಗಳಿಗೆ ಕೊಟ್ಟ ಮಾತನ್ನು ಹನ್ನೊಂದನೇ ದಿನಕ್ಕೆ ಮುರಿದೆ. ರಾತ್ರಿ ಒಂದು ಗಂಟೆಗೆ ಅವಳ ಕೋಣೆಯಲ್ಲಿ ಬೆಳಕು ಕಂಡಿತು, ಹೋಗಿ ಕಿತ್ತುಕೊಂಡೆ. ನೋಡಿದರೆ ವಿಜ್ಞಾನದ ನೋಟ್ಸು, ಗೆಳತಿ ಕಳಿಸಿದ್ದು. ಬೆಳಿಗ್ಗೆ ವಾಪಸ್ ಕೊಟ್ಟೆ. ಅದಾಗಿ ಒಂದು ತಿಂಗಳು ಅವಳು ನನ್ನ ಹತ್ತಿರ ಏನನ್ನೂ ಹೇಳಲಿಲ್ಲ. ಆ ಒಂದು ತಿಂಗಳು ನನಗೆ ಅವನ ಮೆಸೇಜಿಗಿಂತ ಜಾಸ್ತಿ ಹೆದರಿಕೆ ಆಯಿತು. ಈಗ ನಮ್ಮನೇಲಿ ರಾತ್ರಿ ಎಲ್ಲರ ಫೋನೂ ಹಾಲಿನ ಸ್ಟೂಲಿನ ಮೇಲೆ ಚಾರ್ಜಿಗೆ, ನನ್ನದೂ ಸೇರಿ. ಆ ಆಟವನ್ನು ನಾನೂ ಕಲಿತೆ. ಸುಮಾರಾಗಿ ಆಡುತ್ತೇನೆ. ಸುಮಾರು ಅಂದರೆ ಇಳಿದ ಕೂಡಲೇ ಸಾಯುತ್ತೇನೆ. ಆದರೂ ಅವಳ ಗುಂಪಿನಲ್ಲಿ ನಾಲ್ಕನೆಯವಳಾಗಿ ಕೂತಾಗ, ಅಲ್ಲಿ ಯಾರು ಹೇಗೆ ಮಾತಾಡುತ್ತಾರೆ ಅಂತ ಕಿವಿಗೆ ಬೀಳುತ್ತದೆ.

ಅಟ್ಟದ ಮೇಲೆ

ದೀಪಾವಳಿಗೆ ಊರಿಗೆ ಹೋದಾಗ ಅಮ್ಮನ ಹತ್ತಿರ ಹಳ್ಳದ ಕಥೆ ಹೇಳಿದೆ. ಮೂವತ್ತು ವರ್ಷದಲ್ಲಿ ಮೊದಲ ಸಲ. ಅಮ್ಮ ಬಾಳೆಲೆ ಒರೆಸುತ್ತಿದ್ದರು. ಮಗಳು ಪಕ್ಕದಲ್ಲಿ ಕೂತಿದ್ದಳು. ನಾನು ನಾಟಕೀಯವಾಗಿ, ಕೆಂಪು ನೀರು, ಸೊಂಟದ ತನಕ, ಅಂತೆಲ್ಲ ಹೇಳಿ ಮುಗಿಸಿದೆ. ಅಮ್ಮ ಎಲೆಯಿಂದ ತಲೆ ಎತ್ತಲಿಲ್ಲ.

"ನಂಗೆ ಗೊತ್ತಿತ್ತು ಕಣೆ" ಅಂದರು.

"ಹ್ಯಾಂಗೆ?"

"ಉಳಿದ ಚಪ್ಪಲಿ ತೊಳೆದಿಟ್ಟ ಹಾಗೆ ಇತ್ತು. ಕೆಸರಲ್ಲಿ ಹೂತಿದ್ರೆ ಇದಕ್ಕೂ ಕೆಸರಾಗ್ತಿರ್ಲಿಲ್ವಾ?"

"ಮತ್ತೆ ಎಂತಕ್ಕೆ ಕೇಳ್ಲಿಲ್ಲ?"

ಅಮ್ಮ ಎಲೆ ಮಡಚಿ ಪಕ್ಕಕ್ಕಿಟ್ಟರು. ಇನ್ನೊಂದು ತಗೊಂಡರು. "ಕೇಳಿದ್ರೆ ನೀನು ಹೇಳ್ತಿದ್ದೆ. ನೀನು ಹೇಳಿದ್ರೆ ನಾನು ನಿಮ್ಮಪ್ಪಯ್ಯಂಗೆ ಹೇಳ್ಬೇಕಾಗ್ತಿತ್ತು."

ಅಂದರೆ ಆ ಒಂಬತ್ತು ದಿನ ಸಂಕ ದಾಟಿದ್ದು ನಾವು ನಾಲ್ಕೇ ಜನ ಅಲ್ಲ. ಅಮ್ಮ ಅಷ್ಟೂ ದಿನ ಸಂಜೆ ತೋಟದ ಕಡೆ ಯಾಕೆ ಬಂದು ನಿಲ್ಲುತ್ತಿದ್ದರು, ಕೈಯಲ್ಲಿ ಸುಮ್ಮನೆ ಒಂದು ಬುಟ್ಟಿ ಹಿಡಿದು, ಅಂತ ನನಗೆ ಆಗ ಹೊಳೆದಿರಲಿಲ್ಲ. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಎಲೆ ಒರೆಸೋಕೆ ಒಂದು ಬಟ್ಟೆ ತಗೊಂಡೆ.

ಮಗಳು ಕೇಳಿದಳು, "ಅಜ್ಜಿ, ಆ ಒಂದು ಚಪ್ಪಲಿ ಏನ್ಮಾಡಿದ್ರಿ?"

"ಅಟ್ಟದ ಮೇಲೆ ಇಟ್ಟಿದ್ದೆ" ಅಂದರು ಅಮ್ಮ. "ಮಳೆ ಕಮ್ಮಿಯಾದ ಮೇಲೆ ಹಳ್ಳದ ಕೆಳಗೆ ಎಲ್ಲಾದ್ರೂ ಜೋಡಿ ಸಿಕ್ಕೀತು ಅಂತ."